ಟ್ರಂಕಿನಲ್ಲಿಟ್ಟ ಹಲ್ಲು

ನಮ್ಮ ಕಡೆ ಹೆಣ್ಣು ಕೊಡೋದು, ತರೋದು ಎಲ್ಲಾ ನಾಲ್ಕು ತಾಲೂಕಿನ ಒಳಗೇ ಮುಗಿದು ಹೋಗುತ್ತದೆ. ನಮ್ಮೂರು ಸಿಂದಗಿ ತಾಲೂಕಿನಲ್ಲಿ. ಅತ್ತೆಯನ್ನು ಕೊಟ್ಟಿದ್ದು ಮುದ್ದೇಬಿಹಾಳದ ಕಡೆ, ದೊಡ್ಡಮ್ಮ ಇರೋದು ಬಸವನ ಬಾಗೇವಾಡಿಯಲ್ಲಿ, ತಂಗಿಯನ್ನು ಕೊಟ್ಟಿದ್ದು ಇಂಡಿಗೆ. ಹೀಗಾಗಿ ಬೆಂಗಳೂರಿನಿಂದ ಹಬ್ಬಕ್ಕೆ ಅಂತ ಊರಿಗೆ ಹೋದರೆ ನನಗೆ ನಾಲ್ಕು ಮನೆಗಳ ಪಾಳಿ. ನಮ್ಮ ಮನೆಯಲ್ಲಿ ಮುತ್ಯಾ, ಅಲ್ಲಿ ಅತ್ತೆ, ಇನ್ನೊಂದು ಕಡೆ ದೊಡ್ಡಮ್ಮ, ಇಂಡಿಯಲ್ಲಿ ತಂಗಿಯ ಅತ್ತೆ. ನಾಲ್ಕೂ ಜನಕ್ಕೆ ಈಗ ಕಟ್ಟಿಸಿದ ಹಲ್ಲು. ಒಂದೊಂದು ಸೆಟ್ಟಿನ ಕತೆ ಒಂದೊಂದು ಥರ. ಆದರೆ ನಾಲ್ಕನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಗೊತ್ತಾಗೋ ಮಾತು ಒಂದೇ: ಹಲ್ಲು ಕಟ್ಟಿಸಿದ ದಿನ ಕೆಲಸ ಮುಗಿಯೋದಿಲ್ಲ, ಅವತ್ತು ಶುರುವಾಗುತ್ತದೆ.

ಬೆಂಗಳೂರಿನಲ್ಲೇ ಬೆಳೆದವರಿಗೆ ಇದರಲ್ಲೇನು ದೊಡ್ಡ ವಿಷಯ ಅನ್ನಿಸಬಹುದು. ಹಲ್ಲು ಹೋದರೆ ಅನ್ನ ಕಲಸಿಕೊಂಡರಾಯ್ತು, ಮುದ್ದೆ ನುಂಗಿದರಾಯ್ತು. ನಮ್ಮ ಕಡೆ ಹಾಗಲ್ಲ. ವಿಜಯಪುರ ಜಿಲ್ಲೆ ಅಂದರೆ ಬಿಳಿಜೋಳ, ಜೋಳ ಅಂದರೆ ರೊಟ್ಟಿ. ಅದರಲ್ಲೂ ಕಟಕ ರೊಟ್ಟಿ ಹಪ್ಪಳದ ಹಾಗೆ ಒಣಗಿ, ಬುಟ್ಟಿಯಲ್ಲಿ ಒಟ್ಟಿಟ್ಟರೆ ವಾರಗಟ್ಟಲೆ ಕೆಡೋದಿಲ್ಲ. ಅದಕ್ಕೆ ಜೊತೆ ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೂಲಂಗಿ, ಹಸಿ ಮೆಂತ್ಯೆ ಸೊಪ್ಪು, ಕಾಳು ಪಲ್ಯ. ಇಡೀ ಊಟ ಹಲ್ಲಿನ ಮೇಲೇ ನಿಂತಿದೆ. ಹಲ್ಲು ಹೋದವರು ರೊಟ್ಟಿ ಮುರಿದು ಸಾರಿನಲ್ಲೋ ಹಾಲಿನಲ್ಲೋ ನೆನೆಹಾಕಿ ನುಂಗುತ್ತಾರೆ. ಮೊದಲು ಮೂಲಂಗಿ ಬಿಡುತ್ತಾರೆ, ಆಮೇಲೆ ಹಿಂಡಿ, ಆಮೇಲೆ ಕಾಳು. ಕೊನೆಗೆ ಮದುವೆ ಮನೆಯ ಪಂಕ್ತಿಯನ್ನೇ ಬಿಡುತ್ತಾರೆ. "ನೀವ್ ಉಣ್ರಿ, ನನಗ ಹಸಿವಿಲ್ಲ" ಅಂತಾರೆ. ಹಸಿವು ಇರುತ್ತದೆ. ನಾಲ್ಕು ಜನರ ನಡುವೆ ಕೂತು ನೆನೆಸಿದ್ದನ್ನು ಚೀಪೋದು ಬೇಡವಾಗಿರುತ್ತದೆ, ಅಷ್ಟೇ.

"ವಯಸ್ಸಾತು, ಹಲ್ಲ ಉದುರಿದ್ವು" ಅಂತ ಎಲ್ಲರೂ ಹೇಳೋದು. ಆದರೆ ವಯಸ್ಸೊಂದೇ ಹಲ್ಲು ಉದುರಿಸೋದಿಲ್ಲ. ಉದುರಿಸೋದು ಹುಳುಕು ಮತ್ತು ವಸಡಿನ ರೋಗ. ತಂಬಾಕು, ಹೆಂಗಸರು ಹಲ್ಲುಜ್ಜಲು ಬಳಸೋ ಸುಟ್ಟ ತಂಬಾಕಿನ ಮಿಶ್ರಿ, ಹಿಡಿತಕ್ಕೆ ಬಾರದ ಶುಗರ್, ಇವೆಲ್ಲಾ ವಸಡಿಗೆ ಶತ್ರುಗಳು. ಇದರ ಮೇಲೆ ನಮ್ಮ ಜಿಲ್ಲೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಬೇರೆ ಹೆಚ್ಚು. ಹಲ್ಲಿನ ಮೇಲೆ ಕಂದು ಕಲೆ ಬಿದ್ದವರನ್ನು ನೋಡುತ್ತಲೇ ಬೆಳೆದವರು ನಾವು. ಹಲ್ಲಿನ ಡಾಕ್ಟರ ಹತ್ತಿರ ಹೋಗೋದು ನೋವು ತಡೆಯೋಕೆ ಆಗದಾಗ ಮಾತ್ರ, ಹೋದರೆ ಕೀಳಿಸೋಕೆ ಮಾತ್ರ. ಹೀಗೆ ಒಂದೊಂದಾಗಿ ಕೀಳಿಸಿ ಅರವತ್ತಕ್ಕೆಲ್ಲಾ ಬೊಚ್ಚು ಬಾಯಿ ಆದವರು ನಮ್ಮ ಓಣಿಗೊಬ್ಬರು ಸಿಗುತ್ತಾರೆ.

ಮುತ್ಯಾನ ಕತೆ ಮೊದಲು ಹೇಳುತ್ತೇನೆ. ಅವನ ಸೆಟ್ಟು ಮಾಡಿಸಿದ ಎಂಟನೇ ದಿನಕ್ಕೆ ಟ್ರಂಕು ಸೇರಿತ್ತು. ಜಮೀನಿನ ಕಾಗದ, ಹಳೇ ಕೋಟು, ಅದರ ಪಕ್ಕ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಲ್ಲು. ಮದುವೆಯ ಫೋಟೋಕ್ಕೆ ಮಾತ್ರ ಹೊರಗೆ ಬರೋದು. ಯಾಕೆ ಅಂತ ಕೇಳಿದರೆ, "ಮ್ಯಾಲಿಂದು ಕೂಡ್ತದ, ಕೆಳಗಿಂದು ಕುಣೀತದೋ ತಮ್ಮಾ. ಮಾತಾಡಿದ್ರ ಟಕ್ ಟಕ್ ಅಂತದ. ಇದರಕಿಂತ ಬೊಚ್ಚು ಬಾಯಿನೇ ಚೊಲೋ" ಅಂದ. ಮನೆಯವರೆಲ್ಲಾ ಸೆಟ್ಟು ಸರಿಯಾಗಿ ಕೂತಿಲ್ಲ, ದುಡ್ಡು ದಂಡ ಆಯ್ತು ಅಂತ ತೀರ್ಮಾನ ಮಾಡಿಬಿಟ್ಟಿದ್ದರು.

ಒಂದು ಯಂತ್ರ ಕೆಲಸ ಮಾಡುತ್ತಿಲ್ಲ ಅಂದರೆ ಅದು ಹೇಗೆ ಕೆಲಸ ಮಾಡಬೇಕಿತ್ತು ಅಂತ ನೋಡೋದು ನಮ್ಮ ಕಸುಬಿನ ಚಟ. ಹಾಗೆ ಓದಿ, ವಿಜಯಪುರದ ಒಬ್ಬ ಡೆಂಟಿಸ್ಟ್ ಹತ್ತಿರ ಕೇಳಿ ತಿಳಿದಿದ್ದು ಇಷ್ಟು. ಸೆಟ್ಟಿನ ಗುಲಾಬಿ ಭಾಗ ಅಕ್ರಿಲಿಕ್. ಪೂರ್ತಿ ಹೆಸರು ಪಾಲಿಮೀಥೈಲ್ ಮೆಥಾಕ್ರಿಲೇಟ್. ಗಾಜಿನ ಬದಲಿಗೆ ಬಳಸೋ ಪಾರದರ್ಶಕ ಪ್ಲಾಸ್ಟಿಕ್ ಇದೆಯಲ್ಲ, ಅದೇ ಜಾತಿಯದು. 1930ರ ದಶಕದಲ್ಲಿ ಇದು ಬರೋ ಮುಂಚೆ ಗಟ್ಟಿ ರಬ್ಬರಿನಲ್ಲಿ ಮಾಡುತ್ತಿದ್ದರು. ಅದಕ್ಕೂ ಹಿಂದೆ ಪ್ರಾಣಿಗಳ ದಂತ, ಸತ್ತವರ ಹಲ್ಲು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಕಟ್ಟಿಸಿಕೊಂಡಿದ್ದು ಮರದ ಹಲ್ಲು ಅನ್ನೋದು ಬರೀ ಕತೆ. ಅದರಲ್ಲಿ ಇದ್ದಿದ್ದು ನೀರುಕುದುರೆಯ ದಂತ, ಮನುಷ್ಯರ ಹಲ್ಲು, ಸೀಸ.

ಇನ್ನು ಇದು ಬಾಯಲ್ಲಿ ನಿಲ್ಲೋದು ಹೇಗೆ? ಅಂಟಿನಿಂದ ಅಲ್ಲ, ಮೊಳೆಯಿಂದ ಅಲ್ಲ, ಉಗುಳಿನಿಂದ. ಎರಡು ಗಾಜಿನ ತುಂಡಿನ ನಡುವೆ ಒಂದು ಹನಿ ನೀರು ಹಾಕಿ ಒತ್ತಿ ನೋಡಿ, ಎಳೆದು ಬಿಡಿಸೋದು ಕಷ್ಟ. ವಸಡಿಗೂ ಸೆಟ್ಟಿಗೂ ನಡುವೆ ಉಗುಳಿನ ತೆಳು ಪದರ ಅದೇ ಕೆಲಸ ಮಾಡುತ್ತದೆ. ಮೇಲಿನದಕ್ಕೆ ಇಡೀ ಅಂಗುಳ ಸಿಗುತ್ತದೆ, ಗಟ್ಟಿಯಾಗಿ ಕೂರುತ್ತದೆ. ಕೆಳಗಿನದು ಕುದುರೆ ಲಾಳದ ಆಕಾರ. ನಡುವೆ ನಾಲಿಗೆ ಇರೋದರಿಂದ ಜಾಗ ಕಡಿಮೆ, ಮೇಲಾಗಿ ನಾಲಿಗೆ ಒಳಗಿನಿಂದ ತಳ್ಳುತ್ತದೆ, ಕೆನ್ನೆ ಹೊರಗಿನಿಂದ ತಳ್ಳುತ್ತದೆ. ಹಾಗಾಗಿ ಕೆಳಗಿನ ಸೆಟ್ಟು ಎಷ್ಟೇ ಚೆನ್ನಾಗಿ ಮಾಡಿದರೂ ಶುರುವಿನಲ್ಲಿ ಕುಣಿಯುತ್ತದೆ. ಅದನ್ನು ಹಿಡಿದಿಡೋದನ್ನು ನಾಲಿಗೆ ಮತ್ತು ಕೆನ್ನೆ ಕಲಿಯಬೇಕು. ಸೈಕಲ್ ಕಲಿತ ಹಾಗೆ. ಮುತ್ಯಾನ ಸೆಟ್ಟು ಕೆಟ್ಟಿರಲಿಲ್ಲ. ಕಲಿಯೋಕೆ ಕೆಲವು ವಾರ ಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ಪೂರ್ತಿ ಸೆಟ್ಟು ಹಾಕಿದವರು ಅಗಿಯೋ ಬಲ ಸ್ವಂತ ಹಲ್ಲಿನವರ ಬಲದ ನಾಲ್ಕನೇ ಒಂದು ಭಾಗವೋ, ಅದಕ್ಕಿಂತ ಕಡಿಮೆಯೋ. ಹೊಸ ಹಲ್ಲು ಬಂದ ದಿನವೇ ಕಟಕ ರೊಟ್ಟಿ, ಹುರಿದ ಶೇಂಗಾ ಅಂತ ಕೂತರೆ ವಸಡು ಹರಿದು ಹುಣ್ಣಾಗುತ್ತದೆ. ಮುತ್ಯಾ ಮಾಡಿದ್ದು ಅದನ್ನೇ, ಎಲ್ಲರ ಮುತ್ಯಾಗಳೂ ಮಾಡೋದು ಅದನ್ನೇ. ಎಷ್ಟೋ ವರ್ಷ ಕಾದಿರುತ್ತಾರಲ್ಲ.

ಟ್ರಂಕಿನಿಂದ ತೆಗೆದ ಸೆಟ್ಟನ್ನು ಹಿಡಿದು ಮುತ್ಯಾನನ್ನು ಆ ಡೆಂಟಿಸ್ಟ್ ಹತ್ತಿರ ಕರೆದುಕೊಂಡು ಹೋದೆವು. ಒಂದು ವರ್ಷದಲ್ಲಿ ದವಡೆಯ ಏಣು ಸವೆದಿತ್ತು. ಹಲ್ಲು ಕಿತ್ತ ಮೇಲೆ ಅದನ್ನು ಹೊತ್ತಿದ್ದ ಎಲುಬು ಕರಗುತ್ತಾ ಹೋಗುತ್ತದೆ, ಮೊದಲ ವರ್ಷ ಜಾಸ್ತಿ, ಆಮೇಲೆ ನಿಧಾನ, ಆದರೆ ನಿಲ್ಲೋದಿಲ್ಲ. ಸೆಟ್ಟು ಹಾಗೇ ಇರುತ್ತದೆ, ಬಾಯಿ ಬದಲಾಗುತ್ತದೆ. ಅದಕ್ಕೇ ಒಳಮೈಗೆ ಹೊಸ ಪದರ ಕೂರಿಸೋ ರೀಲೈನಿಂಗ್ ಅನ್ನೋ ಕೆಲಸ ಇದೆ. ಅಷ್ಟು ಮಾಡಿ, ಚುಚ್ಚುತ್ತಿದ್ದ ಜಾಗ ತಿಕ್ಕಿ ಕೊಟ್ಟರು. ಮನೆಯಲ್ಲೇ ಅರದಿಂದ ಉಜ್ಜಬೇಡಿ ಅಂತಲೂ, ಮುಂದಿನ ಸಲ ಬರೋ ಹಿಂದಿನ ದಿನ ನೋವಾದರೂ ಸೆಟ್ಟು ಹಾಕ್ಕೊಂಡೇ ಇರಿ, ಆಗ ಗುರುತು ಕಾಣುತ್ತದೆ ಅಂತಲೂ ಹೇಳಿದರು.

ಆಮೇಲೆ ಒಂದೂವರೆ ತಿಂಗಳು ಪಾಠ. ಮೊದಲ ವಾರ ನುಚ್ಚು, ಮೆತ್ತನ ಉಪ್ಪಿಟ್ಟು, ಬೆಂದ ಬೇಳೆ. ಚಿಕ್ಕ ಚಿಕ್ಕ ತುತ್ತು, ಎರಡೂ ಕಡೆ ಸಮಸಮ ಅಗಿಯೋದು. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಏಳುತ್ತದೆ, ಮುಂದಿನ ಹಲ್ಲಿನಿಂದ ಕಚ್ಚಿದರೆ ಹಿಂದಿನ ಭಾಗ ಏಳುತ್ತದೆ. ಪುಣ್ಯಕ್ಕೆ ರೊಟ್ಟಿಯನ್ನು ನಾವು ಕಚ್ಚೋದಿಲ್ಲ, ಕೈಯಲ್ಲಿ ಮುರಿದು ಬಾಯಿಗಿಡುತ್ತೇವೆ. ಆ ಒಂದು ವಿಷಯದಲ್ಲಿ ಬರ್ಗರ್ ತಿನ್ನೋರಿಗಿಂತ ನಮ್ಮ ಮುತ್ಯಾಗಳೇ ಮುಂದು. ಶುರುವಿನಲ್ಲಿ ಬಾಯಿ ತುಂಬಾ ಜೊಲ್ಲು, ಯಾಕೆಂದರೆ ಸೆಟ್ಟನ್ನು ಬಾಯಿ ತಿನ್ನೋ ಪದಾರ್ಥ ಅಂದುಕೊಳ್ಳುತ್ತದೆ. ಕೆಲವು ದಿನಕ್ಕೆ ಇಳಿಯುತ್ತದೆ. ಸ, ಶ ಅಕ್ಷರ ತೊದಲುತ್ತವೆ. ಅದಕ್ಕೆ ಔಷಧಿ ಅಂದರೆ ಗಟ್ಟಿಯಾಗಿ ಓದೋದು. ಮುತ್ಯಾ ದಿನಾ ಕಟ್ಟೆ ಮೇಲೆ ಕೂತು ಪೇಪರನ್ನು ಊರಿಗೆಲ್ಲಾ ಕೇಳೋ ಹಾಗೆ ಓದುತ್ತಿದ್ದ. ಈಗ ಬಿಸಿ ರೊಟ್ಟಿ ಸಲೀಸಾಗಿ ತಿನ್ನುತ್ತಾನೆ, ಕಟಕ ರೊಟ್ಟಿ ಪುಡಿ ಮಾಡಿ ಮೊಸರಿನ ಜೊತೆ ತಿನ್ನುತ್ತಾನೆ. ಹಸಿ ಮೂಲಂಗಿ ಈಗಲೂ ಆಗೋದಿಲ್ಲ. ಅದನ್ನು ತುರಿದು ಕೊಡುತ್ತಾರೆ.

ಮುದ್ದೇಬಿಹಾಳದ ಅತ್ತೆಯ ಸಮಸ್ಯೆಯೇ ಬೇರೆ. ಅವರಿಗೆ ಸೆಟ್ಟು ಚೆನ್ನಾಗಿ ಕೂತಿತ್ತು, ಹಾಗಾಗಿ ಸ್ವಂತ ಹಲ್ಲಿನ ಹಾಗೇ ನೋಡಿಕೊಂಡರು. ಸ್ವಂತ ಹಲ್ಲನ್ನು ಅವರು ಉಜ್ಜುತ್ತಿದ್ದದ್ದು ಕುಳ್ಳಿನ ಬೂದಿಯಿಂದ. ಅಕ್ರಿಲಿಕ್ ನಮ್ಮ ಹಲ್ಲಿಗಿಂತ ತುಂಬಾ ಮೆತ್ತಗಿನ ವಸ್ತು. ಬೂದಿ, ಹಲ್ಲಿನ ಪುಡಿ ಇರಲಿ, ಮಾಮೂಲಿ ಟೂತ್‌ಪೇಸ್ಟೂ ಅದರ ಮೇಲೆ ಕಣ್ಣಿಗೆ ಕಾಣದ ಗೀರು ಹಾಕುತ್ತದೆ. ಆ ಗೀರಿನಲ್ಲಿ ಕೊಳೆ ಕೂರುತ್ತದೆ, ಕೊಳೆಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಕೂರುತ್ತವೆ, ವಾಸನೆ ಶುರುವಾಗುತ್ತದೆ. ವಾಸನೆ ಬಂತು ಅಂತ ಕುದಿಯೋ ನೀರು ಹಾಕಿದರೆ ಸೆಟ್ಟು ಆಕಾರ ಕೆಡುತ್ತದೆ, ಮತ್ತೆ ಬಾಯಿಗೆ ಕೂರೋದಿಲ್ಲ.

ಆದರೆ ಅತ್ತೆಯ ಸೆಟ್ಟು ಹಾಳಾಗಿದ್ದು ಬೂದಿಯಿಂದಲ್ಲ, ಬಚ್ಚಲ ಕಲ್ಲಿನಿಂದ. ತೊಳೆಯುವಾಗ ಕೈ ಜಾರಿ ಬಿತ್ತು, ಮೇಲಿನದು ನಡುವೆ ಎರಡು ಹೋಳು. ಮನೆಯ ಹುಡುಗ ಚಪ್ಪಲಿ ಅಂಟಿಸೋ ಫೆವಿಕ್ವಿಕ್ ತಂದು ಅಂಟಿಸಿದ. ಒಂದು ಕೂದಲೆಳೆ ಅಂತರ ಆಚೀಚೆಯಾಗಿ ಅಂಟಿದರೂ ಬಾಯಿಗೆ ಅದು ದೊಡ್ಡ ಅಂತರ. ವಸಡು ಕೊರೆದು ಹುಣ್ಣಾಯಿತು. ಮೇಲಾಗಿ ಆ ಅಂಟು ಬಾಯೊಳಗೆ ಇರಬೇಕಾದ ಪದಾರ್ಥವೇ ಅಲ್ಲ. ಅಂಟಿಸದೆ ಎರಡೂ ಹೋಳು ಹಾಗೇ ತಂದಿದ್ದರೆ ಲ್ಯಾಬಿನಲ್ಲಿ ಸರಿಯಾಗಿ ಜೋಡಿಸಬಹುದಿತ್ತು ಅಂದರು ಡಾಕ್ಟರು. ಹೊಸದೇ ಮಾಡಿಸಬೇಕಾಯಿತು. ಈಗ ಅತ್ತೆ ತೊಳೆಯುವಾಗ ಕೆಳಗೆ ಒಂದು ಬುಟ್ಟಿಯಲ್ಲಿ ಅರ್ಧ ನೀರು ತುಂಬಿಟ್ಟುಕೊಳ್ಳುತ್ತಾರೆ. ಜಾರಿದರೂ ನೀರಿಗೇ ಬೀಳುತ್ತದೆ. ನಾಲ್ಕು ಮಡಿಕೆ ಟವೆಲ್ ಹಾಸಿದರೂ ಸಾಕು. ಇಷ್ಟು ಸಣ್ಣ ಉಪಾಯಕ್ಕೆ ಒಂದು ಸೆಟ್ಟಿನ ಬೆಲೆ ಕೊಡಬೇಕಾಯಿತು.

ಬಸವನ ಬಾಗೇವಾಡಿಯ ದೊಡ್ಡಮ್ಮನದು ಮರ್ಯಾದೆಯ ಪ್ರಶ್ನೆ. ಊರು ಬಸವಣ್ಣನವರು ಹುಟ್ಟಿದ ಊರು. ಮುಪ್ಪು ಬಂದು, ಹಲ್ಲು ಹೋಗಿ, ಬೆನ್ನು ಬಾಗಿ, ಇನ್ನೊಬ್ಬರ ಹಂಗಿಗೆ ಬೀಳೋ ಮುಂಚೆಯೇ ದೇವರನ್ನು ನೆನೆ ಅನ್ನೋ ಅರ್ಥದ ಅವರ ವಚನ ದೊಡ್ಡಮ್ಮನಿಗೆ ಬಾಯಿಪಾಠ. ಅದರಲ್ಲಿ ಅವರನ್ನು ಕಾಡೋದು ಹಲ್ಲಿಗಿಂತ ಹಂಗಿನ ಮಾತು. ಸೊಸೆಯ ಮುಂದೆ, ಮೊಮ್ಮಕ್ಕಳ ಮುಂದೆ ಬೊಚ್ಚು ಬಾಯಿ ತೋರಿಸಬಾರದು ಅಂತ ಅವರು ರಾತ್ರಿಯೂ ಸೆಟ್ಟು ತೆಗೆಯುತ್ತಿರಲಿಲ್ಲ. ವರ್ಷಗಟ್ಟಲೆ. ಅಂಗುಳ ಉರಿ ಅಂತ ತೋರಿಸಿದಾಗ ನೋಡಿದರೆ ಸೆಟ್ಟು ಮುಚ್ಚಿದಷ್ಟೂ ಜಾಗ, ಗೆರೆ ಹಾಕಿ ಬಣ್ಣ ಬಳಿದ ಹಾಗೆ ಕೆಂಪು. ಕ್ಯಾಂಡಿಡಾ ಅನ್ನೋ ಶಿಲೀಂಧ್ರದ ಕೆಲಸ. ಹಗಲು ರಾತ್ರಿ ಮುಚ್ಚಿಟ್ಟ ಅಂಗುಳಿಗೆ ಉಗುಳು ತಾಗೋದಿಲ್ಲ, ಗಾಳಿ ಇಲ್ಲ. ಮಳೆಗಾಲದಲ್ಲಿ ಒದ್ದೆ ಬೂಟಿನೊಳಗೆ ಕಾಲು ಇಟ್ಟ ಹಾಗೆ.

ಇದು ಬರೀ ಬಾಯಿಯ ವಿಷಯ ಅಲ್ಲ. ಜಪಾನಿನಲ್ಲಿ 85 ದಾಟಿದ 524 ಜನರನ್ನು ಮೂರು ವರ್ಷ ಗಮನಿಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸೆಟ್ಟು ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾದ ಅಪಾಯ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಂಡಿತ್ತು. ನಿದ್ದೆಯಲ್ಲಿ ಉಗುಳು ಶ್ವಾಸನಾಳಕ್ಕೆ ಇಳಿಯುತ್ತದೆ, ಜೊತೆಗೆ ಸೆಟ್ಟಿನ ಮೇಲಿನ ಕೊಳೆಯೂ ಇಳಿಯುತ್ತದೆ. ಎಂಬತ್ತು ದಾಟಿದವರಿಗೆ ನ್ಯುಮೋನಿಯಾ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಆದರೆ ಈ ಅಂಕಿ ಅಂಶ ದೊಡ್ಡಮ್ಮನಿಗೆ ಹೇಳಿ ಉಪಯೋಗವಿಲ್ಲ. ಅವರಿಗೆ ಬೇಕಿದ್ದದ್ದು ಮರೆ. ತಂಗಿ ಅದಕ್ಕೆ ದಾರಿ ಹುಡುಕಿದಳು. ಮುಚ್ಚಳ ಇರೋ ಒಂದು ಸ್ಟೀಲ್ ಡಬ್ಬಿ, ಹೊರಗಿನಿಂದ ನೋಡಿದರೆ ಅಡಕೆ ಡಬ್ಬಿ ಅನ್ನಬೇಕು. ದೀಪ ಆರಿಸಿದ ಮೇಲೆ ತೆಗೆದು ನೀರಿನಲ್ಲಿ ಹಾಕೋದು, ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಏಳೋ ಅವರು ತೊಳೆದು ಹಾಕ್ಕೊಂಡು ಹೊರಗೆ ಬರೋದು. ಜೊತೆಗೆ ಡಾಕ್ಟರು ಕೊಟ್ಟ ಔಷಧಿ. ಅಂಗುಳ ತಿಳಿಯಾಯಿತು. ಯಾರೂ ಅವರ ಬೊಚ್ಚು ಬಾಯಿ ನೋಡಲಿಲ್ಲ.

ಇಂಡಿಯ ಮನೆಗೆ ಹೋದರೆ ಮಾತ್ರ ಎಲ್ಲಾ ಸುಸೂತ್ರ. ತಂಗಿಯ ಅತ್ತೆಗೆ ಎಪ್ಪತ್ತರ ಮೇಲಾಗಿದೆ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೆ ಅವರ ಶಿಸ್ತು ನೋಡಿದರೆ ನಮ್ಮ ಆಫೀಸಿನ ರಿಲೀಸ್ ಚೆಕ್‌ಲಿಸ್ಟ್ ನಾಚಬೇಕು. ಊಟ ಆದ ಮೇಲೆ ಪ್ರತಿ ಸಲ ತೆಗೆದು ತೊಳೆಯೋದು, ಯಾಕೆಂದರೆ ಹಿಂಡಿಯ ತರಿ, ಎಳ್ಳು, ಇಂಡಿ ನಿಂಬೆಯ ಉಪ್ಪಿನಕಾಯಿ ಬೀಜ ಒಂದು ಒಳಗೆ ಸಿಕ್ಕರೂ ಕಲ್ಲು ಸಿಕ್ಕ ಹಾಗೆ ಚುಚ್ಚುತ್ತದೆ. ರಾತ್ರಿ ಮೆತ್ತನೆ ಬ್ರಷ್‌ನಿಂದ, ಪಾತ್ರೆ ತೊಳೆಯೋ ಲಿಕ್ವಿಡ್ ಅಥವಾ ಸಾದಾ ಸೋಪಿನ ಒಂದೆರಡು ಹನಿ ಹಾಕಿ, ಒಳಮೈ ಹೊರಮೈ ಎರಡೂ ಉಜ್ಜೋದು. ಚೆನ್ನಾಗಿ ಜಾಲಿಸಿ, ತಣ್ಣನೆ ನೀರಿನ ಡಬ್ಬಿಗೆ ಹಾಕೋದು. ಒಣಗಲು ಬಿಟ್ಟರೆ ಆಕಾರ ಕೆಡುತ್ತದೆ ಅಂತ ಅವರಿಗೆ ಗೊತ್ತು. ಡಬ್ಬಿಯ ನೀರು ದಿನಾ ಬದಲು. ಆಮೇಲೆ ಬಹಳ ಜನ ಮರೆಯೋ ಕೆಲಸ: ಬರಿ ವಸಡು, ಅಂಗುಳ, ನಾಲಿಗೆಯನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸೋದು. "ಹಲ್ಲ ಇಲ್ಲಂದ್ರ ಬಾಯಿ ಇಲ್ಲೇನ್ರಿ?" ಅಂತ ಅವರೇ ಕೇಳಿದ್ದು. ನಮ್ಮ ಕಡೆಯ ಗಡಸು ನೀರಿಗೆ ಸೆಟ್ಟಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಅದನ್ನು ಚಾಕುವಿನಿಂದ ಕೆರೆಯೋದಿಲ್ಲ, ವರ್ಷಕ್ಕೊಮ್ಮೆ ಡೆಂಟಿಸ್ಟ್ ಹತ್ತಿರ ಹೋದಾಗ ತೆಗೆಸುತ್ತಾರೆ.

ವರ್ಷಕ್ಕೊಮ್ಮೆ ಹೋಗೋದು ಅಂತ ಬರೆಯೋದು ಸುಲಭ. ಲೆಕ್ಕ ಹಾಕಿ ನೋಡಿ. ಪೂರ್ತಿ ಸೆಟ್ಟು ಮಾಡಿಸೋಕೆ ಅಚ್ಚು ತೆಗೆಯೋದು, ಮತ್ತೊಂದು ಅಚ್ಚು, ಕಚ್ಚುವಿಕೆಯ ಅಳತೆ, ಮೇಣದ ಮೇಲೆ ಹಲ್ಲು ಜೋಡಿಸಿ ನೋಡೋದು, ಕೊನೆಗೆ ಕೊಡೋದು, ಹೀಗೆ ಸುಮಾರು ಐದು ಭೇಟಿ. ಸಿಂದಗಿಯಿಂದ ವಿಜಯಪುರಕ್ಕೆ ಸುಮಾರು 60 ಕಿಲೋಮೀಟರ್. ಹೋಗಿ ಬರೋದು ಐದು ಸಲ ಅಂದರೆ 600 ಕಿಲೋಮೀಟರ್. ಮುದ್ದೇಬಿಹಾಳದವರಿಗೆ ಇನ್ನೂ ಜಾಸ್ತಿ. ಒಂದೊಂದು ಸಲಕ್ಕೂ ಜೊತೆಗೆ ಹೋಗೋರ ಒಂದು ದಿನದ ಕೂಲಿ. ದುಡ್ಡಿನ ಭಾಗಕ್ಕೆ ದಾರಿ ಇದೆ: ಬಿಪಿಎಲ್ ಕುಟುಂಬದ, ಹಲ್ಲು ಪೂರ್ತಿ ಹೋದ ಹಿರಿಯರಿಗೆ ಉಚಿತವಾಗಿ ಸೆಟ್ಟು ಕೊಡೋ ದಂತ ಭಾಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2014-15ರ ಹೊತ್ತಿಗೆ ತಂದಿತು, ಡೆಂಟಲ್ ಕಾಲೇಜುಗಳ ಮೂಲಕ. ವಿಜಯಪುರದಲ್ಲೇ ಅಲ್-ಅಮೀನ್ ಡೆಂಟಲ್ ಕಾಲೇಜು ಇದೆ. ಆದರೆ ಐದನೇ ಭೇಟಿಯಲ್ಲಿ ಹಲ್ಲು ಕೈಗೆ ಬಂದ ಮೇಲೆ ಮನೆಯವರಿಗೆ ಉತ್ಸಾಹ ಮುಗಿದಿರುತ್ತದೆ. ಚುಚ್ಚೋ ಜಾಗ ಸರಿ ಮಾಡಿಸೋ ಆರನೇ, ಏಳನೇ ಭೇಟಿಗೆ ಯಾರೂ ಹೋಗೋದಿಲ್ಲ. ಸೆಟ್ಟು ಬಾಯಲ್ಲಿರುತ್ತದೋ ಟ್ರಂಕಿನಲ್ಲಿರುತ್ತದೋ ಅನ್ನೋದು ತೀರ್ಮಾನ ಆಗೋದೇ ಆ ಆರನೇ ಭೇಟಿಯಲ್ಲಿ.

ನಮ್ಮ ಕೆಲಸದಲ್ಲಿ ಇದು ಎಲ್ಲರಿಗೂ ಗೊತ್ತಿರೋ ಮಾತು. ಪ್ರಾಡಕ್ಟ್ ಲೈವ್ ಆದ ದಿನ ಕೇಕ್ ಕತ್ತರಿಸುತ್ತೇವೆ, ಆದರೆ ನಿಜವಾದ ಕೆಲಸ ಮಾರನೇ ದಿನ ಮೊದಲ ಟಿಕೆಟ್ ಬಂದಾಗ ಶುರು. ವ್ಯತ್ಯಾಸ ಇಷ್ಟೇ, ನಮ್ಮ ಬಳಕೆದಾರರು ಟಿಕೆಟ್ ಹಾಕುತ್ತಾರೆ. ನಮ್ಮ ಹಿರಿಯರು ಹಾಕೋದಿಲ್ಲ. ಮಗ ದುಡ್ಡು ಖರ್ಚು ಮಾಡಿದ್ದಾನೆ, ನೋಯುತ್ತದೆ ಅಂದರೆ ಬೇಜಾರು ಮಾಡಿಕೊಂಡಾನು ಅಂತ ಸುಮ್ಮನಿರುತ್ತಾರೆ. ಫೋನಿನಲ್ಲಿ "ಊಟ ಆತಾ?" ಅಂದರೆ "ಆತು" ಅಂತಲೇ ಉತ್ತರ, ಏನೂ ತಿಂದಿರದಿದ್ದರೂ.

ಅದಕ್ಕೇ ನಾನು ಈಗ ಕೇಳೋದು "ಊಟಕ್ಕ ಏನಿತ್ತು?" ಅಂತ. ಮೂರು ದಿನ ಸತತ ಅನ್ನ, ಹಾಲು, ಬಾಳೆಹಣ್ಣು ಅಂದರೆ ಬಾಯಲ್ಲಿ ಏನೋ ಆಗಿದೆ ಅಂತ ಅರ್ಥ. ನೀವೂ ಮುಂದಿನ ಸಲ ಊರಿಗೆ ಹೋದಾಗ ಕೆಲವನ್ನು ಗಮನಿಸಿ. ಸೆಟ್ಟು ಎಲ್ಲಿದೆ, ಬಾಯಲ್ಲೋ ಡಬ್ಬಿಯಲ್ಲೋ? ರಾತ್ರಿ ತೆಗೆಯುತ್ತಾರೋ? ಮೊಬೈಲ್ ಟಾರ್ಚ್ ಹಾಕಿ ಅಂಗುಳ ನೋಡಿ, ಕೆಂಪಿದೆಯೋ? ಮಾತಾಡುವಾಗ ಟಕ್ ಟಕ್ ಅನ್ನುತ್ತದೋ? ಅನ್ನುತ್ತಿದ್ದರೆ ಅಂಗಡಿಯ ಅಂಟು ತಂದು ದಪ್ಪಗೆ ಬಳಿಯೋದಲ್ಲ, ತೋರಿಸೋದು. ಸೆಟ್ಟಿಗೆ ಐದು, ಹೆಚ್ಚೆಂದರೆ ಹತ್ತು ವರ್ಷ ಆಯುಷ್ಯ, ಆಮೇಲೆ ಬದಲಿಸಬೇಕು. ಬೆಂಗಳೂರಿನಿಂದ ಕ್ಲೀನಿಂಗ್ ಮಾತ್ರೆ ಕೊಂಡು ಹೋಗೋದಾದರೆ ಅದು ನುಂಗೋ ಮಾತ್ರೆ ಅಲ್ಲ, ನೀರಿಗೆ ಹಾಕೋದು ಅಂತ ಕೂತು ತೋರಿಸಿ ಬನ್ನಿ, ಬಿಪಿ ಮಾತ್ರೆಯ ಪಕ್ಕ ಇಡಬೇಡಿ. ತಂಬಾಕಿನ ಅಭ್ಯಾಸ ಇದ್ದವರ ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು ಇದ್ದರೆ ಸೆಟ್ಟು ಚುಚ್ಚಿದ್ದು ಅಂತ ಸುಮ್ಮನಾಗಬೇಡಿ. ಕ್ಯಾನ್ಸರ್ ಕೂಡ ಹೀಗೇ ಶುರುವಾಗುತ್ತದೆ, ಬೇಗ ತೋರಿಸಿದರೆ ವಾಸಿಯಾಗೋ ಸಾಧ್ಯತೆ ಹೆಚ್ಚು.

ಇದೆಲ್ಲಾ ಒಂದು ಭಾನುವಾರದ ಅರ್ಧ ಗಂಟೆಯ ಕೆಲಸ. ಆರನೇ ಭೇಟಿಗೆ ಮಾತ್ರ ಒಂದು ದಿನ ರಜೆ ಬೇಕು. ಹಾಕಿ. ಹಲ್ಲಿನ ದುಡ್ಡು ಯಾರು ಬೇಕಾದರೂ ಕೊಡಬಹುದು, ಸರ್ಕಾರವೂ ಕೊಡುತ್ತದೆ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಕರೆದುಕೊಂಡು ಹೋಗೋರು ಮನೆಯವರೇ ಆಗಬೇಕು.